ಹಿಂದಿನ ಸೀಟು ಅಂದ್ರ ಯಾವುದ್ರಿ?

ಮೊನ್ನೆ ಬೆಂಗಳೂರಿನ ಗೆಳೆಯರೊಬ್ಬರು ಹೊಸ ಪಿಕಪ್ ಗಾಡಿ ನೋಡಲು ಶೋರೂಮಿಗೆ ಹೋಗಿದ್ದರಂತೆ. ಹಿಂದಿನ ಸೀಟಲ್ಲಿ ಕೂತು, ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಕೈ ಇಟ್ಟು ಫೋಟೋ ತೆಗೆಸಿ ಕಳಿಸಿದರು. "ಹಳೇ ಪಿಕಪ್‌ಗಳಲ್ಲಿ ಹಿಂದೆ ಕೂತ್ರೆ ಮೂಟೆ ಥರ ಕೂರಬೇಕಿತ್ತು, ಈಗ ನೋಡಿ, ಸೋಫಾ!" ಅಂತ ಬರೆದಿದ್ದರು. ಅದಕ್ಕೆ ಇನ್ನಿಬ್ಬರು ಗೆಳೆಯರ ಉತ್ತರ. ಒಬ್ಬರು ಹಳೇದೇ ಗಟ್ಟಿ ಅಂದರು, ಇನ್ನೊಬ್ಬರು ಹೊಸದರ ಹಿಂದೆ ಎಸಿ ಗಾಳಿನೂ ಬರ್ತದೆ ಅಂದರು. ಅರ್ಧ ದಿನ ಇದೇ ಚರ್ಚೆ. ನನ್ನನ್ನೂ ಕೇಳಿದರು, "ನಿಮ್ಮ ಕಡೆ ಪಿಕಪ್ ಜಾಸ್ತಿ ಅಲ್ವಾ, ನಿಮ್ಮ ಅಭಿಪ್ರಾಯ ಏನು?"

ನನ್ನ ಅಭಿಪ್ರಾಯ ಎರಡು ಸಾಲಲ್ಲಿ ಹೇಳೋಕಾಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಮ್ಮ ಕಡೆ ಪಿಕಪ್ ಜಾಸ್ತಿ ಅನ್ನೋದು ಖರೇ. ಮನ್ನಾಏಖೇಳ್ಳಿ ಕ್ರಾಸಿಗೆ ಬೆಳಿಗ್ಗೆ ಆರು ಗಂಟೆಗೆ ಬಂದು ನಿಂತು ನೋಡಿ. ಹೈದರಾಬಾದ್-ಸೋಲಾಪುರ ಹೆದ್ದಾರಿ, ಹಳೇ ಒಂಬತ್ತನೇ ನಂಬರು, ಈಗ 65. ಬೀದರ್ ರಸ್ತೆ ಬಂದು ಕೂಡೋದು ಇಲ್ಲೇ. ಟೀ ಅಂಗಡಿ ಮುಂದೆ ಸಾಲಾಗಿ ಬಿಳಿ ಪಿಕಪ್‌ಗಳು, ಛೋಟಾ ಹಾಥಿಗಳು, ಟಂಟಂಗಳು. ಸೋಯಾ ರಾಶಿ ಇರಲಿ, ತೊಗರಿ ಕೊಯ್ಲಿರಲಿ, ಕಬ್ಬಿನ ಕಳೆ ಇರಲಿ, ಹೆಣ್ಮಕ್ಕಳು ಬುತ್ತಿಗಂಟು ಹಿಡ್ಕೊಂಡು ಹಿಂದಿನ ಬಾಡಿ ಹತ್ತುತ್ತಾ ಇರ್ತಾರೆ. ಒಂದು ಕಾಲು ಟೈರಿನ ಮೇಲೆ, ಒಂದು ಕೈ ಮೇಲಿದ್ದವಳ ಕೈಯಲ್ಲಿ. ಎಂಟು ಜನ, ಹತ್ತು ಜನ, ಕೆಲವೊಮ್ಮೆ ಹದಿನೈದು. ಈ ಗಾಡಿಗಳಿಗೆ ಹಿಂದಿನ ಸೀಟೇ ಇಲ್ಲ. ಹಿಂದಿನ ಸೀಟು ಅಂದ್ರೆ ತಗಡು.

ಆಮೇಲೆ ಮೊಣಕಾಲಿನ ಜಾಗ ಹೊಸದರಲ್ಲಿ ಎಷ್ಟು, ಹಳೇದರಲ್ಲಿ ಎಷ್ಟು ಅಂತ ಕೇಳಿದರೆ ನಾನು ಏನಂತ ಹೇಳಲಿ?

ಇರಲಿ, ಕೇಳಿದ್ದಕ್ಕೆ ಮೊದಲು ಉತ್ತರ ಕೊಡ್ತೀನಿ, ಇಲ್ಲಾಂದ್ರೆ ಜಗಳಗಂಟ ಅಂತೀರಿ :) ನಾನೂ ಅಳತೆ ಮಾಡಿದ್ದೀನಿ, ಟೇಪಿನಿಂದಲ್ಲ, ಗೇಣಿನಿಂದ. ಪರಿಚಯದವರದ್ದು ಒಂದು ಹಳೇ ನಾಲ್ಕು ಬಾಗಿಲಿನ ಪಿಕಪ್ ಇದೆ. ಹಿಂದಿನ ಸೀಟಲ್ಲಿ ಕೂತರೆ ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ನಾಲ್ಕು ಬೆರಳು ಮಾತ್ರ. ಅದಕ್ಕಿಂತ ಕಷ್ಟ ಬೆನ್ನಿನದು. ಬೆನ್ನಿನ ಹಿಂದೆ ಕ್ಯಾಬಿನ್ನಿನ ಗೋಡೆ, ಗೋಡೆಯ ಹಿಂದೆ ಲೋಡಿನ ಬಾಡಿ, ಹಾಗಾಗಿ ಒರಗು ನೆಟ್ಟಗೆ ನಿಂತಿರ್ತದೆ. ನೆಲವೂ ಎತ್ತರ, ಕೆಳಗೆ ಚಾಸಿ ಇರ್ತದಲ್ಲ. ಸೀಟಿಗೂ ನೆಲಕ್ಕೂ ಅಂತರ ಕಡಿಮೆ, ಅದಕ್ಕೇ ಮೊಣಕಾಲು ಎದೆ ಕಡೆ ಬರ್ತದೆ, ತೊಡೆಗೆ ಆಸರೆ ಇರೋಲ್ಲ. ಹುಮನಾಬಾದಿಗೆ ಹೋಗುವಷ್ಟರಲ್ಲೇ ಸೊಂಟ ಹಿಡೀತದೆ. ಹೊಸ ಗಾಡಿಯೊಂದರಲ್ಲೂ ಕೂತು ಬಂದೆ. ಅಲ್ಲಿ ಮೊಣಕಾಲ ಮುಂದೆ ಒಂದು ಗೇಣು, ಒರಗು ಒಂಚೂರು ಹಿಂದಕ್ಕೆ ವಾಲಿದೆ, ನಡುವೆ ಕೈ ಇಡೋಕೆ ಮೆತ್ತೆ, ಅದರಲ್ಲಿ ಟೀ ಲೋಟ ಇಡೋ ತೂತು. ಹೌದು, ಹೊಸದು ಆರಾಮ. ಸುಳ್ಳು ಹೇಳೋಲ್ಲ.

ಆದರೆ ಜಾಗ ಪುಕ್ಕಟೆ ಬರೋದಿಲ್ಲ. ಈ ಹೊಸ ಗಾಡಿಗಳ ಉದ್ದ ನೋಡಿ. ಟೊಯೊಟಾ ಹೈಲಕ್ಸ್ ನಮ್ಮ ದೇಶಕ್ಕೆ ಬಂದದ್ದು 2022ರಲ್ಲಿ, ಉದ್ದ 5325 ಮಿಲಿಮೀಟರ್, ಅಂದರೆ ಹದಿನೇಳೂವರೆ ಅಡಿ. 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಕೂಡ ಹೆಚ್ಚೂಕಡಿಮೆ ಅಷ್ಟೇ. ಇಷ್ಟು ಉದ್ದ ಇದ್ದೂ ಲೋಡಿನ ಜಾಗ ಗಿಡ್ಡ, ಮೂರು ಕಡೆ ಬಿಚ್ಚೋ ಬಾಗಿಲಿಲ್ಲ, ಹಿಂದೆ ಒಂದೇ ಬಾಗಿಲು. ತೊಗರಿ ಚೀಲ ಹಾಕೋಕೆ ಹಮಾಲಣ್ಣಂದಿರನ್ನು ಕರೆದರೆ ನಗ್ತಾರೆ. ಒಂದು ಕಂಪನಿ ಹೇಳೋ ಅಂಕಿ ಇನ್ನೊಂದು ಕಂಪನಿಯ ಅಂಕಿಗೆ ಹೋಲಿಸೋದೂ ಹುಷಾರಿನ ಕೆಲಸ, ಮುಂದಿನ ಸೀಟನ್ನು ಎಲ್ಲಿಗೆ ತಳ್ಳಿ ಅಳೆದರು ಅನ್ನೋದರ ಮೇಲೆ ಹಿಂದಿನ ಅಂಕಿ ಬದಲಾಗ್ತದೆ. ನಿಮ್ಮ ಮನೆಯ ಅತಿ ಎತ್ತರದವರನ್ನ ಡ್ರೈವರ್ ಸೀಟಲ್ಲಿ ಕೂರಿಸಿ, ಆಮೇಲೆ ಹಿಂದೆ ನೀವು ಕೂತು ನೋಡಿ. ಅಳತೆ ಅದು.

ಮುಗೀತು, ಕೇಳಿದ್ದಕ್ಕೆ ಉತ್ತರ. ಈಗ ನನ್ನ ಜಗಳ.

ಪಿಕಪ್ ಗಾಡಿಗೆ ಹಿಂದಿನ ಸೀಟು ಬಂದದ್ದು ಯಾರಿಗಾಗಿ ಅಂತ ಯಾರಾದರೂ ಕೇಳಿಕೊಂಡಿದ್ದೀರಾ? ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ಕಂಪನಿ ಎರಡು ಸಾಲು ಸೀಟಿನ ಪಿಕಪ್ ತಂದದ್ದು 1957ರಲ್ಲಿ, ಟ್ರಾವೆಲೆಟ್ ಅಂತ ಹೆಸರು, ಮೊದಲಿಗೆ ಮೂರೇ ಬಾಗಿಲು. ಜರ್ಮನಿಯ ಫೋಕ್ಸ್‌ವ್ಯಾಗನ್ ತನ್ನ ಡಬಲ್ ಕ್ಯಾಬಿನ್ ಪಿಕಪ್ ಅನ್ನು ಕಾರ್ಖಾನೆಯಿಂದಲೇ ಕೊಡೋಕೆ ಶುರು ಮಾಡಿದ್ದು 1958ರಲ್ಲಿ. ಕಂಬ ನೆಡೋರು, ತಂತಿ ಎಳೆಯೋರು, ಗಾರೆ ಕೆಲಸದೋರು, ಅವರ ಸಾಮಾನು ಹಿಂದೆ, ಅವರು ಒಳಗೆ. ಇವತ್ತಿಗೂ ಇಂಗ್ಲಿಷಿನಲ್ಲಿ ಅದಕ್ಕೆ ಕ್ರೂ ಕ್ಯಾಬ್ ಅಂತಾರೆ. ಕ್ರೂ ಅಂದರೆ ಕೆಲಸದ ತಂಡ. ನಮ್ಮ ಭಾಷೇಲಿ ಹೇಳೋದಾದರೆ ಕೂಲಿಯವರ ಕ್ಯಾಬಿನ್! ಆಮೇಲೆ ಅಲ್ಲಿ ಕುಟುಂಬಗಳು ಪಿಕಪ್ ಕೊಳ್ಳೋಕೆ ಶುರು ಮಾಡಿದವು, ಸೀಟು ಉಬ್ಬಿತು, ಬಾಡಿ ಕುಗ್ಗಿತು. ಫೋರ್ಡ್ ಎಫ್-150 ನಾಲ್ಕು ಬಾಗಿಲಿನದರಲ್ಲಿ ಹಿಂದೆ ಕಾಲಿನ ಜಾಗ 43.6 ಇಂಚು, ಮೂರೂವರೆ ಅಡಿಗಿಂತ ಹೆಚ್ಚು. ಶಾಲೆಗೆ ಮಕ್ಕಳನ್ನು ಬಿಡೋಕೆ!

(ಅಮೆರಿಕದ್ದೇ ಒಂದು ತಮಾಷೆ. ಹೊರದೇಶದಿಂದ ಬರೋ ಲಘು ಟ್ರಕ್ಕುಗಳಿಗೆ ಅಲ್ಲಿ 1964ರಿಂದ ನೂರಕ್ಕೆ 25 ಸುಂಕ. ಅದನ್ನು ತಪ್ಪಿಸೋಕೆ ಜಪಾನಿನ ಸುಬಾರು ಕಂಪನಿ 1978ರಲ್ಲಿ ಬ್ರ್ಯಾಟ್ ಅನ್ನೋ ಪಿಕಪ್ಪಿನ ಲೋಡ್ ಬಾಡಿಯಲ್ಲಿ ಎರಡು ಪ್ಲಾಸ್ಟಿಕ್ ಸೀಟು ಜಡಿದು, ಇದು ಟ್ರಕ್ ಅಲ್ಲ ಪ್ರಯಾಣಿಕರ ಗಾಡಿ ಅಂತು. ಅಲ್ಲಿ ಕೂರೋ ಜನ ಇಲ್ಲದಿದ್ದರೂ ಸೀಟು ಹಾಕಿದರು. ನಮ್ಮಲ್ಲಿ ಜನ ಇದ್ದಾರೆ, ಸೀಟಿಲ್ಲ.)

ನಮ್ಮ ದೇಶದಲ್ಲೂ ನಾಲ್ಕು ಬಾಗಿಲಿನ ದುಡಿಯೋ ಪಿಕಪ್ ಇಲ್ಲ ಅಂತಲ್ಲ. ಟಾಟಾದವರ ಟೆಲ್ಕೋಲೈನ್ ಇತ್ತು, ಮಹೀಂದ್ರಾದ ಬೊಲೆರೊ ಕ್ಯಾಂಪರ್ ಇದೆ, ಟಾಟಾ ಯೋಧಾದಲ್ಲೂ ಡಬಲ್ ಕ್ಯಾಬಿನ್ ಬಂತು. ಲೈನ್‌ಮನ್‌ಗಳು, ಮೊಬೈಲ್ ಟವರಿನವರು, ದೊಡ್ಡ ರಸ್ತೆ ಗುತ್ತಿಗೆದಾರರ ಇಂಜಿನಿಯರುಗಳು ಅದರಲ್ಲಿ ಓಡಾಡ್ತಾರೆ. ಆದರೆ ನಮ್ಮ ಕ್ರಾಸಿನಲ್ಲಿ ನಿಲ್ಲೋ ಬಾಡಿಗೆ ಗಾಡಿಗಳಲ್ಲಿ ಅದು ಸಿಗೋದು ಅಪರೂಪ. ಯಾಕೆ ಅಂತ ಒಬ್ಬ ಮಾಲೀಕನನ್ನೇ ಕೇಳಿದೆ. ಅವನ ಲೆಕ್ಕ ಸರಳ.

"ಅಣ್ಣಾ, ಒಂದು ಸಾಲು ಸೀಟು ಹೆಚ್ಚಾಯ್ತಂದ್ರ ಹಿಂದ ಅಷ್ಟು ಬಾಡಿ ಹೋಯ್ತು. ಮಾಲಿಗಿ ಬಾಡಿಗಿ ಬರ್ತದ, ಸೀಟಿಗಿ ಯಾರ್ ಕೊಡ್ತಾರ? ಮಂದಿ ಹ್ಯಾಂಗೂ ಹಿಂದ ಕುಂದರ್ತಾರ."

"ಮಂದಿ ಹ್ಯಾಂಗೂ ಹಿಂದ ಕುಂದರ್ತಾರ." ಇಡೀ ವಿಷಯ ಇಷ್ಟೇ. ಒಂದು ಟನ್ ಮುನ್ನೂರು ಕೆಜಿ, ಒಂದೂವರೆ ಟನ್, ಒಂದು ಟನ್ ಏಳುನೂರು ಅಂತ ಪಿಕಪ್ಪಿನ ಭಾರ ಹೊರೋ ಶಕ್ತಿ ಏರ್ತಾ ಬಂತು. 2005ರಲ್ಲಿ ಟಾಟಾ ಏಸ್ ಬಂದು ಸಣ್ಣವರೂ ಗಾಡಿ ಮಾಲೀಕರಾದರು, ಒಳ್ಳೇದೇ ಆಯ್ತು. ಕ್ಯಾಬಿನ್ನಿನಲ್ಲಿ ಡ್ರೈವರ್ ಪಕ್ಕ ಒಬ್ಬರು, ಹೆಚ್ಚೆಂದರೆ ಇಬ್ಬರು. ಇಪ್ಪತ್ತು ವರ್ಷದಲ್ಲಿ ಹೊಲಕ್ಕೆ ಹೋಗೋ ಹೆಣ್ಮಗಳಿಗೆ ಸಿಕ್ಕ ಸೀಟಿನ ಜಾಗ ಎಷ್ಟು ಇಂಚು ಹೆಚ್ಚಾಯ್ತು? ಸೊನ್ನೆ. ಹಳೇ ಕಮಾಂಡರ್ ಜೀಪಿನಲ್ಲಿ ಎದುರುಬದುರು ಬೆಂಚಾದರೂ ಇತ್ತು, ಮೇಲೆ ತಾಡಪತ್ರಿ ಇತ್ತು. ಜೋತುಬಿದ್ದೇ ಹೋಗ್ತಿದ್ದರು, ಅದನ್ನ ಹೊಗಳ್ತಿಲ್ಲ. ಆದರೆ ಅದು ಜನ ಕೂರಲಿ ಅಂತ ಮಾಡಿದ ಗಾಡಿ.

ಈಗ 2022ಕ್ಕೆ ಬರೋಣ. ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಕಾರು ಸೇತುವೆಯ ಗೋಡೆಗೆ ಬಡಿದು ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಹಿಂದಿನ ಸೀಟಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. ಆ ಸಾವು ದುಃಖದ್ದೇ, ಪ್ರಶ್ನೆಯಿಲ್ಲ. ಇಡೀ ದೇಶ ಹಿಂದಿನ ಸೀಟಿನ ಬಗ್ಗೆ ಮಾತಾಡಿತು. ಟಿವಿ, ಪತ್ರಿಕೆ, ಮಂತ್ರಿಗಳು. ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಪೊಲೀಸರೂ ಆದೇಶ ಹೊರಡಿಸಿದರು, ಕಾರಿನಲ್ಲಿ ಹಿಂದೆ ಕೂತವರೂ ಬೆಲ್ಟ್ ಹಾಕಬೇಕು, ಇಲ್ಲಾಂದ್ರೆ ಸಾವಿರ ರೂಪಾಯಿ ದಂಡ. ಸರಿಯಾದ ಆದೇಶವೇ.

ಅದೇ ವರ್ಷ ನವೆಂಬರ್ 4ರ ರಾತ್ರಿ, ಸರಿಯಾಗಿ ಎರಡು ತಿಂಗಳಿಗೆ, ನಮ್ಮ ಚಿಟಗುಪ್ಪ ತಾಲೂಕಿನ ಬೇಮಳಖೇಡದ ಸರ್ಕಾರಿ ಶಾಲೆ ಹತ್ತಿರ ಕೂಲಿ ಮುಗಿಸಿ ಮನೆಗೆ ಹೊರಟಿದ್ದ ಹೆಣ್ಮಕ್ಕಳ ಆಟೋಕ್ಕೂ ಲಾರಿಗೂ ಡಿಕ್ಕಿಯಾಯ್ತು. ಏಳು ಹೆಣ್ಮಕ್ಕಳು ಸತ್ತರು. ಗಾಯಗೊಂಡವರು ಹತ್ತಕ್ಕೂ ಹೆಚ್ಚು. ಒಂದು ಆಟೋದಲ್ಲಿ ಎಷ್ಟು ಜನ ಇದ್ದಿರಬೇಕು ನೀವೇ ಲೆಕ್ಕ ಹಾಕಿ. ಅದು ಪಿಕಪ್ ಅಲ್ಲ, ಆಟೋ, ಒಪ್ಪಿದೆ. ಆದರೆ ಇವತ್ತು ಆಟೋ, ನಾಳೆ ಟಂಟಂ, ನಾಡಿದ್ದು ಪಿಕಪ್, ಹೊಲದವರು ಏನು ಕಳಿಸ್ತಾರೋ ಅದನ್ನೇ ಅವರು ಹತ್ತೋದು. ಎರಡು ದಿನ ಸುದ್ದಿ ಬಂತು, ಪರಿಹಾರ ಘೋಷಣೆ ಆಯ್ತು. ಇವರ ಹಿಂದಿನ ಸೀಟಿನ ಬಗ್ಗೆ ಯಾರೂ ಆದೇಶ ಹೊರಡಿಸಲಿಲ್ಲ.

ಕಾನೂನು ನೋಡಿದರೆ ಇನ್ನೂ ವಿಚಿತ್ರ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯ್ತಲ್ಲ, ಅದರಲ್ಲಿ ಅಕ್ಕಪಕ್ಕ ಎರಡು ಕಲಂ ಇವೆ. 194-ಬಿ: ಸೀಟ್ ಬೆಲ್ಟ್ ಹಾಕದಿದ್ದರೆ ಸಾವಿರ ರೂಪಾಯಿ. 194-ಎ: ಬಾಡಿಗೆ ವಾಹನದಲ್ಲಿ ಲೆಕ್ಕಕ್ಕಿಂತ ಹೆಚ್ಚು ಪ್ರಯಾಣಿಕರನ್ನು ತುಂಬಿದರೆ, ತಲೆಗೆ ಇನ್ನೂರು ರೂಪಾಯಿ. ಸೀಟು ಇದ್ದು ಬೆಲ್ಟ್ ಹಾಕದವನಿಗೆ ಸಾವಿರ, ಸೀಟೇ ಇಲ್ಲದವಳನ್ನು ತುಂಬಿದವನಿಗೆ ಇನ್ನೂರು! ಹೆಚ್ಚಿನ ಜನರನ್ನು ಇಳಿಸಿ, ಅವರಿಗೆ ಬೇರೆ ಗಾಡಿಯ ವ್ಯವಸ್ಥೆ ಆಗೋ ತನಕ ಆ ಗಾಡಿ ಬಿಡಬಾರದು ಅಂತಲೂ ಅದರಲ್ಲೇ ಬರೆದಿದೆ. ಓದಿ ನಗು ಬಂತು. ಸಂಜೆ ಏಳು ಗಂಟೆಗೆ ಹೊಲದ ದಾರಿಯಲ್ಲಿ ಬೇರೆ ಗಾಡಿ ಎಲ್ಲಿಂದ ತರ್ತೀರಿ?

ಇನ್ನು ಪಿಕಪ್ಪಿನ ವಿಷಯ, ಅಂದರೆ ಗೂಡ್ಸ್ ಗಾಡಿ. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟು 2002ರಲ್ಲಿ ಆಶಾ ರಾಣಿ ಕೇಸಿನಲ್ಲಿ ಹೇಳಿತು. 1994ರ ತಿದ್ದುಪಡಿಯಿಂದ ಒಬ್ಬರಿಗೆ ಮಾತ್ರ ರಿಯಾಯಿತಿ: ಮಾಲಿನ ಮಾಲೀಕ ಅಥವಾ ಅವನು ಕಳಿಸಿದ ಮನುಷ್ಯ. ಗಾಡಿ ಮಾಲೀಕ ತಾನೇ ಇಟ್ಟುಕೊಂಡ ಹಮಾಲರ ಮಾತು ಬೇರೆ, ಹೊಲದ ಕೂಲಿಯವರು ಅದರಲ್ಲಿ ಬರೋದಿಲ್ಲ. 2004ರಲ್ಲಿ ಬಲ್ಜೀತ್ ಕೌರ್ ಕೇಸಿನಲ್ಲಿ, ಹೊಣೆ ಗಾಡಿ ಮಾಲೀಕನದೇ, ಆದರೆ ವಿಮೆಯವರು ಮೊದಲು ಕೊಟ್ಟು ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಲಿ ಅಂದಿತು. ಸ್ವಲ್ಪ ದಯೆ ತೋರಿಸಿತು. ಅದಾದ ಮೇಲೆ 2007ರಲ್ಲಿ ಚೊಲ್ಲೇಟಿ ಭಾರತಮ್ಮ ಕೇಸು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಮಾಲಿನ ಮಾಲೀಕನಿಗೂ ವಿಮೆ ಸಿಗೋದು ಅವನು ಕ್ಯಾಬಿನ್ನಿನ ಒಳಗೆ ಕೂತಿದ್ದರೆ ಮಾತ್ರ ಅಂತ!

ಅಂದರೆ ಕ್ಯಾಬಿನ್ನಿನ ಹಿಂದಿನ ತಗಡು ಇದೆಯಲ್ಲ, ಒಂದು ಬೆರಳಿನಷ್ಟೂ ದಪ್ಪ ಇಲ್ಲದ್ದು, ಅದೇ ಗಡಿ. ಆಚೆ ಕಡೆ ಕೂತವನು ಮನುಷ್ಯ, ಈಚೆ ಕಡೆ ಕೂತವನು ಲೋಡು. ಅದಕ್ಕೇ ಕ್ಯಾಬಿನ್ನಿನಲ್ಲಿ ಎಷ್ಟು ಜನಕ್ಕೆ ಜಾಗ ಅನ್ನೋದು ನನಗೆ ಸೋಫಾದ ಪ್ರಶ್ನೆ ಅನ್ನಿಸೋದಿಲ್ಲ.

2025ರ ಜನವರಿ 22 ನೆನಪಿದೆಯಾ? ಸವಣೂರಿನ ತರಕಾರಿ-ಹಣ್ಣಿನ ವ್ಯಾಪಾರಿಗಳು ಕುಮಟಾ ಸಂತೆಗೆ ಲಾರಿಯಲ್ಲಿ ಹೊರಟಿದ್ದರು. ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ ಲಾರಿ ಉರುಳಿ ಹತ್ತು ಜನ ಹೋದರು. ಅವರದ್ದೇ ಮಾಲು, ಮಾಲಿನ ಜೊತೆಗೇ ಅವರು. ಬೆಳಗಿನ ಜಾವಕ್ಕೆ ಸಂತೆಯಲ್ಲಿರಬೇಕು, ಕ್ಯಾಬಿನ್ನಿನಲ್ಲಿ ಅಷ್ಟು ಜನಕ್ಕೆ ಎಲ್ಲಿ ಜಾಗ?

ಈಗ ನೀವು ಕೇಳೋದು ಗೊತ್ತು. "ಬಸ್ಸಿಗೆ ಹೋಗಲಿ ಬಿಡಿ, ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಇದೆಯಲ್ಲ." 2023ರ ಜೂನ್ 11ರಿಂದ ಇದೆ, ನಮ್ಮ ಅಕ್ಕಂದಿರಿಗೆ ಬಹಳ ಅನುಕೂಲ ಆಗಿದೆ, ಯಾರೇನೇ ಅನ್ನಲಿ. ಆದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಊರಿಂದ ಊರಿಗೆ ಹೋಗ್ತದೆ, ಊರಿಂದ ಹೊಲಕ್ಕೆ ಹೋಗೋಲ್ಲ. ಹೊಲದ ದಾರಿ ಮಳೆಗಾಲದಲ್ಲಿ ಎರೆ ಮಣ್ಣು, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಡೀಬೇಕು. ಆರೂವರೆಗೆ ಕೆಲಸ ಶುರು ಮಾಡಬೇಕಾದವರು ಯಾವ ಬಸ್ಸಿಗೆ ಕಾಯಬೇಕು?

"ಪೊಲೀಸರು ಹಿಡೀಲಿ" ಅಂತ ಇನ್ನೊಬ್ಬರು ಅಂತಾರೆ. ಹಿಡೀತಾರೆ. ಹಿಡಿದ ದಿನ ಕೂಲಿ ಹೋಗೋದು ಯಾರದ್ದು? ಬರೀ ಹಿಡಿದರೆ ಗಾಡಿಗಳು ಹೆದ್ದಾರಿ ಬಿಟ್ಟು ಒಳದಾರಿ ಹಿಡೀತವೆ, ಅಷ್ಟೇ.

ನನ್ನ ಬೇಡಿಕೆ ದೊಡ್ಡದೇನಲ್ಲ. ಗೂಡ್ಸ್ ಗಾಡಿಯೇ ಇರಲಿ, ಎರಡು ಸಾಲು ಸೀಟಿರಲಿ, ಅದರಲ್ಲಿ ಕೂತವರೆಲ್ಲ ವಿಮೆಯ ಲೆಕ್ಕಕ್ಕೆ ಬರಲಿ, ಅವರು ಮಾಲಿನ ಮಾಲೀಕರೋ ಕೂಲಿಯವರೋ ಅನ್ನೋ ವಿಚಾರಣೆ ಬೇಡ. (ಈಗಿನ ಲೆಕ್ಕದಲ್ಲಿ ಬರೀ ಸೀಟು ಇದ್ದ ಮಾತ್ರಕ್ಕೆ ವಿಮೆ ತಾನಾಗಿ ಬರೋದಿಲ್ಲ, ಇದು ನೆನಪಿರಲಿ, ಏಜೆಂಟರ ಹತ್ತಿರ ಪಾಲಿಸಿ ಬಿಚ್ಚಿಸಿ ಓದಿ.) ನಮ್ಮ ರಾಜ್ಯದಲ್ಲಿ ಸ್ವಾವಲಂಬಿ ಸಾರಥಿ ಅಂತ ಯೋಜನೆ ಇದೆ, ವಾಹನ ಕೊಳ್ಳೋ ನಿರುದ್ಯೋಗಿ ಹುಡುಗರಿಗೆ ಸಬ್ಸಿಡಿ ಕೊಡ್ತದೆ. ಅದರಲ್ಲಿ ಪಿಕಪ್ ಕೊಳ್ಳೋರಿಗೆ ಡಬಲ್ ಕ್ಯಾಬಿನ್ ಆದರೆ ಇನ್ನಷ್ಟು ಹೆಚ್ಚು ಅಂತ ಒಂದು ಸಾಲು ಸೇರಿಸೋಕೆ ಏನು ಕಷ್ಟ? ಬಾಡಿ ಗಿಡ್ಡ ಆಗಿ ಮಾಲೀಕ ಕಳಕೊಳ್ಳೋ ಬಾಡಿಗೆಯನ್ನ ಯಾರೋ ಒಬ್ಬರು ತುಂಬಿಕೊಡಬೇಕು ತಾನೇ? ಕಂಪನಿಗಳಿಗೂ ಒಂದು ಮಾತು. ಮೂವತ್ತು ಲಕ್ಷದ ಗಾಡಿಯ ಹಿಂದಿನ ಸೀಟಿಗೆ ಇಷ್ಟು ತಲೆ ಓಡಿಸಿದವರು, ಹತ್ತು ಲಕ್ಷದ ಗಾಡಿಯ ಹಿಂದಿನ ಸೀಟಿಗೂ ಓಡಿಸಿ. ಮೆತ್ತೆ ಬೇಡ, ಲೋಟದ ತೂತು ಬೇಡ. ಹತ್ತೋಕೆ ಒಂದು ಮೆಟ್ಟಿಲು, ಸೀರೆ ಉಟ್ಟವರು ಹಿಡಿಯೋಕೆ ಒಂದು ಹಿಡಿಕೆ, ಬುತ್ತಿ-ಕುಡಗೋಲು ಇಡೋಕೆ ಸೀಟಿನ ಕೆಳಗೆ ಒಂದು ಡಬ್ಬಿ, ಬೆಲ್ಟು. ಮೊಣಕಾಲಿಗೆ ನಾಲ್ಕು ಬೆರಳು ಜಾಗ ಸಾಕು, ಅಷ್ಟಕ್ಕೆ ಅವರು ತಕರಾರು ಮಾಡೋದಿಲ್ಲ.

ಇಷ್ಟೆಲ್ಲ ಬರೆದವನು ದೊಡ್ಡ ಸಾಚಾ ಅಂತ ತಿಳೀಬೇಡಿ. ನಮ್ಮದೂ ನಾಲ್ಕು ಎಕರೆ ಇದೆ. ಹಿಂದೊಮ್ಮೆ ತೊಗರಿ ಕೊಯ್ಲಿಗೆ ನಾನೇ ಪಿಕಪ್ ಹೇಳಿದ್ದೆ. ಎಂಟು ಜನ ಬಂದರು. ಕ್ಯಾಬಿನ್ನಿನಲ್ಲಿ ಡ್ರೈವರ್ ಪಕ್ಕ ಜಾಗ ಇತ್ತು. ಎಲ್ಲರಿಗಿಂತ ಹಿರಿಯವ್ವನಿಗೆ ನಾನು ಮರ್ಯಾದೆಗೆ ಅಂದೆ, "ಅವ್ವಾ, ನೀ ಒಳಗ ಕುಂದ್ರು." ಅವರು ನಕ್ಕು, "ಏ ನೀ ಕುಂದ್ರಪ್ಪಾ, ನಿನ್ನ ಅಂಗಿ ಧೂಳಾಗ್ತದ. ನಮಗ ಹಿಂದ ಗಾಳಿ ಚಲೋ ಬರ್ತದ" ಅಂದರು. ನಾನು ಎರಡನೇ ಸಲ ಹೇಳಲಿಲ್ಲ. ಒಳಗೆ ಕೂತೆ. ಹೆದ್ದಾರಿ ದಾಟುವಾಗ ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ. ಹಿಂದೆ ತಗಡಿಗೆ ಯಾರದೋ ತಲೆ ಬಡಿದ ಸದ್ದು ಬಂತು, ನನ್ನ ಕಿವಿಯ ಹಿಂದೆಯೇ. ಏನೂ ಆಗಿರಲಿಲ್ಲ ಅನ್ನಿ. ಇಳಿಯುವಾಗ ಆ ಅವ್ವ ಹಣೆ ಉಜ್ಜಿಕೊಳ್ತಾ ಇದ್ದರು, ನಾನು ನೋಡಿಯೂ ನೋಡದಂಗೆ ಕುಡಗೋಲು ಹಂಚೋಕೆ ಹೋದೆ. ಅವತ್ತು ಗಾಡಿ ಉರುಳಿದ್ದರೆ ಕಾನೂನಿನ ಪ್ರಕಾರ ನಾನು ಮಾಲಿನ ಮಾಲೀಕ ಅಂತ ವಾದ ಮಾಡೋಕಾದರೂ ಒಂದು ದಾರಿ ಇತ್ತು. ಅವರಿಗೆ ಅದೂ ಇರಲಿಲ್ಲ.

ಬರೋ ವಾರ ಮತ್ತೆ ಕೆಲಸ ಇದೆ. ಈ ಸಲ ಮೊದಲೇ ಹೇಳಿದೆ, ಡಬಲ್ ಕ್ಯಾಬಿನ್ ಬೇಕು ಅಂತ. ಮೂರು ಕಡೆ ಕೇಳಿದ ಮೇಲೆ ಹುಮನಾಬಾದ್ ಕಡೆಯವನೊಬ್ಬ ಸಿಕ್ಕ. ಹಳೇ ಗಾಡಿ. "ನಾಕು ಮಂದಿ ಮ್ಯಾಲ ಒಬ್ಬರನ್ನೂ ಹತ್ತಸಂಗಿಲ್ಲ, ಹಿಂದ ಯಾರೂ ಕುಂದ್ರಂಗಿಲ್ಲ" ಅಂದೆ. ಅವನು ಫೋನಿನಲ್ಲೇ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಎರಡು ಖೇಪು ಆಗ್ತದ್ರಿ ಕಾಕಾ, ಮುನ್ನೂರು ಹೆಚ್ಚು ಆಗ್ತದ" ಅಂದ. ಒಪ್ಪಿದೆ. ಎಂಟು ಜನ, ಎರಡು ಖೇಪು, ಮೊದಲನೇದು ಐದೂವರೆಗೆ. ನಾನು ಬೈಕ್ ಮೇಲೆ ಹಿಂದಿನಿಂದ.